ಹಿತ್ತಾಳೆ ಇತ್ತು, ಮದ್ದಿತ್ತು, ಪ್ರೈಮರ್ ಇರಲಿಲ್ಲ: ಅಮೆರಿಕದ ರೀಲೋಡಿಂಗ್ ಹವ್ಯಾಸಿಗಳ 2020–22ರ ಒಂದು ಪ್ರಕರಣ

2020ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ತಮ್ಮ ತೋಟಾವನ್ನು ತಾವೇ ತುಂಬಿಕೊಳ್ಳುವ ಹವ್ಯಾಸಿಗಳಿಗೆ ವಿಚಿತ್ರವಾದ ಇಕ್ಕಟ್ಟು ಬಂತು. ಗ್ಯಾರೇಜಿನಲ್ಲಿ ಖಾಲಿ ಕೇಸುಗಳು, ಅಂದರೆ ಹೊಡೆದ ತೋಟಾದ ಹಿತ್ತಾಳೆ ಚಿಪ್ಪುಗಳು, ಬಕೆಟ್‌ಗಟ್ಟಲೆ ಇದ್ದವು. ಮದ್ದಿನ ಡಬ್ಬಿ ನಾಲ್ಕು ಅಂಗಡಿ ಸುತ್ತಿದರೆ ಸಿಗುತ್ತಿತ್ತು. ಗುಂಡು ಕೊಳ್ಳಬಹುದಿತ್ತು, ಸೀಸ ಇದ್ದವರು ಎರಕ ಹೊಯ್ದುಕೊಳ್ಳಬಹುದಿತ್ತು. ಆದರೆ ತೋಟಾದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ, ಕಡಲೆಬೇಳೆಗಿಂತ ತುಸು ಚಿಕ್ಕದಾದ ಪ್ರೈಮರ್ ಎಂಬ ಲೋಹದ ಬಟ್ಟಲು ಮಾತ್ರ ಎಲ್ಲೂ ಇರಲಿಲ್ಲ. ಸಾವಿರಕ್ಕೆ 30–35 ಡಾಲರಿಗೆ ಸಿಗುತ್ತಿದ್ದದ್ದು ನೂರು ಡಾಲರ್ ದಾಟಿತು. ಕೈಯಿಂದ ಕೈಗೆ ಮಾರುವವರು ಅದಕ್ಕಿಂತಲೂ ಹೆಚ್ಚು ಕೇಳಿದರು, ಕೊಳ್ಳುವವರು ಕೊಟ್ಟರು.

ಖಾಲಿ ಕೇಸನ್ನು ಮತ್ತೆ ಬಳಸುವುದೇ ಕಸುಬಾಗಿರುವವರಿಗೆ ಮುಂದಿನ ಯೋಚನೆ ತಾನಾಗಿ ಬಂತು. ಹೊಡೆದ ಪ್ರೈಮರ್‌ಗಳು ತೋಟಾ ತುಂಬುವ ಪ್ರೆಸ್ಸಿನ ಕೆಳಗಿನ ಡಬ್ಬಿಯಲ್ಲಿ ಸಾವಿರಾರು ಬಿದ್ದಿವೆ. ಅವನ್ನೇ ಮತ್ತೆ ತುಂಬಿದರೆ ಆಗದೇ? ಈ ಪ್ರಕರಣ ಆ ಪ್ರಶ್ನೆಯದು. ಆಗುವುದಿಲ್ಲ ಎಂಬ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬುದ್ಧಿವಂತರೂ ಲೆಕ್ಕ ಬಲ್ಲವರೂ ಆದ ಜನ ಅದನ್ನು ಗಂಭೀರವಾಗಿ ಯೋಚಿಸುವ ಹಂತಕ್ಕೆ ಹೇಗೆ ಬಂದರು ಎಂಬುದು ಬರೀ 'ಆಗುವುದಿಲ್ಲ' ಎಂಬ ಉತ್ತರಕ್ಕಿಂತ ಕುತೂಹಲದ ಸಂಗತಿ.

ಕೊರತೆ ಹುಟ್ಟಿದ್ದು ಹೇಗೆ

ಕೋವಿಡ್, ಬೀದಿ ಪ್ರತಿಭಟನೆಗಳು, ಅಧ್ಯಕ್ಷೀಯ ಚುನಾವಣೆ, ಮೂರೂ ಒಂದೇ ವರ್ಷದಲ್ಲಿ ಬಂದವು. ಕೋವಿ ಕೊಳ್ಳುವಾಗ ನಡೆಯುವ ಹಿನ್ನೆಲೆ ತಪಾಸಣೆಗಳ ಸಂಖ್ಯೆ ಎಫ್‌ಬಿಐ ಲೆಕ್ಕದಲ್ಲಿ 2019ರಲ್ಲಿ ಸುಮಾರು 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿಗೆ ಏರಿತು. ತಪಾಸಣೆ ಎಂದರೆ ಮಾರಾಟ ಎಂದೇ ಅರ್ಥವಲ್ಲ, ಪರವಾನಗಿ ನವೀಕರಣದಂಥವೂ ಅದರಲ್ಲಿ ಸೇರಿವೆ. ಆದರೂ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದಕ್ಕೆ ಅಷ್ಟು ಸಾಕು. ಆ ವರ್ಷ ಸುಮಾರು 84 ಲಕ್ಷ ಜನ ಮೊದಲ ಬಾರಿಗೆ ಕೋವಿ ಕೊಂಡರು ಎಂದು ಕೋವಿ ಉದ್ಯಮದ ಸಂಘ ಅಂದಾಜಿಸಿತು. ಒಬ್ಬೊಬ್ಬರೂ ಎರಡೆರಡು ಪೆಟ್ಟಿಗೆ ತೋಟಾ ಕೊಂಡರೂ ಅದು ಎಷ್ಟಾಯಿತು ಎಂದು ನೀವೇ ಗುಣಿಸಿ ನೋಡಿ.

ತಯಾರಿಕೆಯ ಕಡೆ ನೋಡಿದರೆ, ಅಮೆರಿಕದಲ್ಲಿ ಪ್ರೈಮರ್ ಮಾಡುತ್ತಿದ್ದ ದೊಡ್ಡ ಹೆಸರುಗಳು ನಾಲ್ಕೇ: ಐಡಹೋದ ಲೂಯಿಸ್ಟನ್‌ನ ಸಿಸಿಐ, ಮಿನ್ನೆಸೋಟದ ಅನೋಕಾದ ಫೆಡರಲ್, ಅರ್ಕಾನ್ಸಾಸ್‌ನ ಲೋನೋಕ್‌ನಲ್ಲಿ ಕಾರ್ಖಾನೆಯಿದ್ದ ರೆಮಿಂಗ್ಟನ್, ಮತ್ತು ವಿಂಚೆಸ್ಟರ್. ಇವುಗಳಲ್ಲಿ ರೆಮಿಂಗ್ಟನ್ 2020ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಬೇಡಿಕೆ ಆಕಾಶಕ್ಕೇರಿದ ಹೊತ್ತಿನಲ್ಲೇ ಲೋನೋಕ್ ಕಾರ್ಖಾನೆ ಕುಂಟುತ್ತಿತ್ತು. ಫೆಡರಲ್ ಮತ್ತು ಸಿಸಿಐಗಳ ಒಡೆಯನಾಗಿದ್ದ ವಿಸ್ಟಾ ಔಟ್‌ಡೋರ್ ಕಂಪನಿ ರೆಮಿಂಗ್ಟನ್ನಿನ ತೋಟಾ ವ್ಯವಹಾರವನ್ನು 8.14 ಕೋಟಿ ಡಾಲರಿಗೆ ಕೊಂಡು ಅದನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಕಪಾಟುಗಳು ಬರಿದಾಗಿದ್ದವು. ಆ ಕಂಪನಿಯ ಬಳಿ ಪೂರೈಸಬೇಕಾದ ಆರ್ಡರುಗಳೇ ನೂರು ಕೋಟಿ ಡಾಲರ್ ಮೀರಿದ್ದವು.

ಹವ್ಯಾಸಿಗಳ ಸಿಟ್ಟಿಗೆ ನಿಜವಾದ ಕಾರಣ ಇಲ್ಲಿದೆ. ಪ್ರೈಮರ್ ಮಾಡುವ ಕಂಪನಿಗಳೇ ತುಂಬಿದ ತೋಟಾವನ್ನೂ ಮಾಡುತ್ತವೆ. ಒಂದು ಪ್ರೈಮರನ್ನು ಬಿಡಿಯಾಗಿ ಮಾರಿದರೆ ಕೆಲವು ಸೆಂಟು, ಅದನ್ನೇ ತೋಟಾದೊಳಗೆ ಕೂರಿಸಿ ಮಾರಿದರೆ ಅದರ ಹತ್ತಾರು ಪಟ್ಟು. ಕೊರತೆಯಲ್ಲಿ ಯಾವ ವ್ಯಾಪಾರಿಯಾದರೂ ಯಾವುದನ್ನು ಆರಿಸಿಕೊಳ್ಳುತ್ತಾನೆ? ಬಿಡಿ ಪ್ರೈಮರ್ ಸಾಲಿನ ಕೊನೆಯಲ್ಲಿ ನಿಂತಿತು. ಕಂಪನಿಗಳು ಬೇಕೆಂದೇ ಅಡಗಿಸಿಟ್ಟಿವೆ ಎಂಬ ಗುಸುಗುಸು ಆಗ ಜೋರಾಗಿತ್ತು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಸ್ಫೋಟಕ ಮಾಡುವ ಸಾಲನ್ನು ಬಿಸ್ಕತ್ತಿನ ಸಾಲಿನಂತೆ ಮೂರು ತಿಂಗಳಲ್ಲಿ ದುಪ್ಪಟ್ಟು ಮಾಡಲಾಗುವುದಿಲ್ಲ ಎಂಬ ನೀರಸ ಕಾರಣವೇ ಸಾಕು.

ಮರುಬಳಕೆಯ ರೂಢಿ

ತೋಟಾ ಎಂದರೆ ನಾಲ್ಕು ವಸ್ತು: ಹಿತ್ತಾಳೆಯ ಕೇಸು, ಬುಡದ ಪ್ರೈಮರ್, ಒಳಗಿನ ಮದ್ದು, ಮೂತಿಯ ಗುಂಡು. ಹೊಡೆದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಕೇಸು ಪಕ್ಕಕ್ಕೆ ಬೀಳುತ್ತದೆ. ಪ್ರೈಮರ್ ಕೇಸಿನ ಬುಡದಲ್ಲೇ ಉಳಿಯುತ್ತದೆ, ಆದರೆ ಅದರ ಜೀವ ಹೋಗಿರುತ್ತದೆ.

ಕೇಸಿನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಒತ್ತಡಕ್ಕೆ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುವುದು, ಆಮೇಲೆ ತುಸು ಕುಗ್ಗಿ ಸಲೀಸಾಗಿ ಹೊರಬರುವುದು, ಎರಡೂ ಈ ಲೋಹದ ಗುಣ. ಹೊಸ ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಇದರದೇ. ಹಾಗಾಗಿ ಗುರಿ ಅಭ್ಯಾಸದ ರೇಂಜಿನಲ್ಲಿ ಹೊಡೆದ ಮೇಲೆ ಬಗ್ಗಿ ಹಿತ್ತಾಳೆ ಹೆಕ್ಕುವವರು ಜಿಪುಣರೆಂದು ತಿಳಿಯಬೇಡಿ, ಅವರು ಹೆಕ್ಕುತ್ತಿರುವುದು ಮುಂದಿನ ವಾರದ ತೋಟಾದ ಅರ್ಧ ಬೆಲೆಯನ್ನು.

.38 ಸ್ಪೆಷಲ್ ಅಥವಾ .45 ಎಸಿಪಿಯಂಥ ಕಡಿಮೆ ಒತ್ತಡದ ಕೈಕೋವಿ ಕೇಸುಗಳು ಹತ್ತಾರು ಸಲ ಬಾಳುತ್ತವೆ. .38 ಸ್ಪೆಷಲ್‌ಗೆ ಉದ್ಯಮದ ಮಾನದಂಡ ಸಂಸ್ಥೆ ಎಸ್‌ಎಎಎಂಐ ಗೊತ್ತುಮಾಡಿದ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್). 9 ಎಂಎಂಗೆ 35,000. .223 ರೆಮಿಂಗ್ಟನ್ ಎಂಬ ರೈಫಲ್ ತೋಟಾಕ್ಕೆ 55,000. ಒತ್ತಡ ಏರಿದಷ್ಟೂ ಕೇಸಿನ ಆಯುಸ್ಸು ಇಳಿಯುತ್ತದೆ. ರೈಫಲ್ ಕೇಸು ಪ್ರತಿ ಸಲವೂ ಉದ್ದಕ್ಕೆ ಹಿಗ್ಗುತ್ತದೆ, ಅದನ್ನು ಕತ್ತರಿಸಿ ಅಳತೆಗೆ ತರಬೇಕು. ಹಿಗ್ಗಿದ ಲೋಹ ಬುಡದ ಹತ್ತಿರದ ಗೋಡೆಯಿಂದ ಬಂದದ್ದು, ಅಂದರೆ ಆ ಜಾಗ ಪ್ರತಿ ಸಲವೂ ತೆಳ್ಳಗಾಗುತ್ತದೆ. ಹೊರಗಡೆ ಬುಡದಿಂದ ತುಸು ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಆ ಕೇಸು ಮುಂದಿನ ಹೊಡೆತಕ್ಕೆ ಎರಡು ತುಂಡಾಗಬಹುದು. ಹಳಬರು ಪೇಪರ್ ಕ್ಲಿಪ್ಪಿನ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಒಳಗೋಡೆಯನ್ನು ಸವರಿ ನೋಡುತ್ತಾರೆ. ಗೀರಿನಂತೆ ಏನಾದರೂ ತಾಗಿದರೆ ಆ ಕೇಸು ಗುಜರಿಗೆ. ಕುತ್ತಿಗೆ ಸೀಳಿದ್ದರೆ, ಪ್ರೈಮರ್ ಕೂರುವ ಗುಳಿ ಸಡಿಲವಾಗಿದ್ದರೆ ಅವೂ ಗುಜರಿಗೇ.

ಇಷ್ಟು ವಿವರ ಕೊಟ್ಟದ್ದಕ್ಕೆ ಕಾರಣವಿದೆ. ಕೇಸಿನ ಮರುಬಳಕೆ ಸುರಕ್ಷಿತವಾಗಿರುವುದು ಅದರ ದೋಷ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಾಗುತ್ತದೆ ಎಂಬ ಕಾರಣಕ್ಕೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂದು ಹೊಡೆಯುವ ಮೊದಲೇ ತೀರ್ಮಾನಿಸಬಹುದು. ಪ್ರೈಮರ್ ವಿಷಯದಲ್ಲಿ ಈ ಸೌಲಭ್ಯವಿಲ್ಲ.

ಹಿತ್ತಾಳೆಯ ಮರುಬಳಕೆ ನಿನ್ನೆ ಮೊನ್ನೆಯದೂ ಅಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕ ಸೈನ್ಯವೇ ತನ್ನ .45-70 ರೈಫಲ್ ತೋಟಾಗಳನ್ನು ಗುರಿ ಅಭ್ಯಾಸಕ್ಕಾಗಿ ಪಡೆಗಳ ಮಟ್ಟದಲ್ಲಿ ಮರುತುಂಬಿಸುತ್ತಿತ್ತು. ಆ ಕಾಲದ ಪ್ರೈಮರ್‌ಗಳಲ್ಲಿ ಪಾದರಸದ ಫಲ್ಮಿನೇಟ್ ಎಂಬ ಸ್ಫೋಟಕ ಇತ್ತು. ಪಾದರಸ ಹಿತ್ತಾಳೆಯೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಕೇಸು ಬಿರಿಯುತ್ತದೆ. ಇದು ಗೊತ್ತಾದ ಮೇಲೆ ಸೈನ್ಯ ಪಾದರಸವನ್ನು ಬಿಟ್ಟಿತು. ಬದಲಿಗೆ ಬಂದ ಕ್ಲೋರೇಟ್ ಪ್ರೈಮರ್ ಕೇಸನ್ನು ಉಳಿಸಿತು, ಆದರೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪನ್ನು ಬಿಟ್ಟು ತುಕ್ಕು ಹಿಡಿಸಿತು. 20ನೇ ಶತಮಾನದಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸ್ಫೋಟಕ ಬಂದ ಮೇಲೆಯೇ ಎರಡೂ ತೊಂದರೆ ತಪ್ಪಿದ್ದು. ಅಂದರೆ ನೂರೈವತ್ತು ವರ್ಷಗಳ ಪ್ರೈಮರ್ ರಸಾಯನದ ಹಿಂದಿನ ಒಂದು ಆಸೆಯೇ ಇದು: ಕೇಸು ಉಳಿಯಲಿ, ನಳಿಗೆ ಉಳಿಯಲಿ, ಪ್ರೈಮರ್ ಹೋದರೆ ಹೋಗಲಿ.

ವಿನ್ಯಾಸದಲ್ಲೂ ಇದೇ ಕತೆ. 1866ರ ಆಸುಪಾಸಿನಲ್ಲಿ ಎರಡು ಬಗೆಯ ಪ್ರೈಮರ್ ಹುಟ್ಟಿದವು. ಅಮೆರಿಕದ ಹೈರಮ್ ಬರ್ಡನ್ ಮಾಡಿದ್ದರಲ್ಲಿ ಅಡಿಗಲ್ಲು, ಅಂದರೆ ಪ್ರೈಮರ್‌ನ ಸ್ಫೋಟಕ ಜಜ್ಜಿಸಿಕೊಳ್ಳುವ ಮೊನೆ, ಕೇಸಿನದೇ ಭಾಗ. ಬೆಂಕಿ ಹೋಗಲು ಪಕ್ಕದಲ್ಲಿ ಎರಡು ಸಣ್ಣ ತೂತು. ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ಮಾಡಿದ್ದರಲ್ಲಿ ಅಡಿಗಲ್ಲು ಪ್ರೈಮರ್‌ನೊಳಗೇ ಕೂತಿದೆ, ಕೇಸಿನಲ್ಲಿ ನಡುವೆ ಒಂದೇ ತೂತು. ಆ ತೂತಿಗೆ ಸೂಜಿ ಇಳಿಸಿದರೆ ಹಳೆ ಪ್ರೈಮರ್ ಪಟ್ಟನೆ ಹೊರಬೀಳುತ್ತದೆ. ತಮಾಷೆಯೆಂದರೆ ಅಮೆರಿಕನ್ನನ ಬರ್ಡನ್ ಯುರೋಪಿಗೆ ಹೋಯಿತು, ಬ್ರಿಟಿಷನ ಬಾಕ್ಸರ್ ಅಮೆರಿಕಕ್ಕೆ ಬಂತು. ಅಮೆರಿಕದಲ್ಲಿ ರೀಲೋಡಿಂಗ್ ಮನೆಮನೆಯ ಹವ್ಯಾಸವಾಗಲು ಆ ನಡುತೂತಿನ ಪಾಲು ದೊಡ್ಡದು.

ಪ್ರೈಮರ್ ಎಂಬ ತೊಡಕು

ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ನೋಡಿದವರಿಗೆ ಪ್ರೈಮರ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ನಳಿಗೆಗೆ ಮದ್ದು ಜಡಿದು, ಚರೆ ಹಾಕಿ, ಕೊನೆಗೆ ಕೋವಿಯ ಮೊಲೆಗೆ, ಅಂದರೆ ಕಿಡಿ ಒಳಹೋಗುವ ಪುಟ್ಟ ಕೊಳವೆಗೆ, ಸಿಕ್ಕಿಸುವ ತಾಮ್ರದ ಪುಟ್ಟ ಟೋಪಿಯಿದೆಯಲ್ಲ, ಅದೇ ಕೇಪು. ಅದೇ ಟೋಪಿ ತೋಟಾದೊಳಗೆ ಸೇರಿಕೊಂಡು ಪ್ರೈಮರ್ ಎನಿಸಿಕೊಂಡಿದೆ. ಒಂದೊಂದು ಚರೆಯನ್ನೂ ಎಣಿಸಿ ಬಳಸುವ ಮನೆಗಳಲ್ಲೂ ಸಿಡಿದ ಕೇಪನ್ನು ಯಾರೂ ಹೆಕ್ಕಿ ಇಡುತ್ತಿರಲಿಲ್ಲ.

ಒಳಗೆ ಏನಿದೆ ನೋಡೋಣ. ತೆಳು ಲೋಹದ ಬಟ್ಟಲು, ತಳದಲ್ಲಿ ಮಿಲಿಗ್ರಾಂಗಳಲ್ಲಿ ಅಳೆಯುವಷ್ಟು ಸ್ಫೋಟಕ, ಅದರ ಮೇಲೆ ಸಣ್ಣ ಅಡಿಗಲ್ಲು. ಕೋವಿಯ ಕುದುರೆಯ, ಅಂದರೆ ಬಡಿಯುವ ಭಾಗದ, ಮೊನೆ ಬಟ್ಟಲಿನ ಹೊರಮೈಗೆ ಬಡಿದಾಗ ಸ್ಫೋಟಕ ಅಡಿಗಲ್ಲಿಗೆ ಜಜ್ಜಿ ಸಿಡಿಯುತ್ತದೆ, ಬೆಂಕಿ ತೂತಿನ ಮೂಲಕ ಮದ್ದಿಗೆ ಹೋಗುತ್ತದೆ. ಈ ಸ್ಫೋಟಕದಲ್ಲಿರುವ ಸೀಸ, ಬೇರಿಯಂ, ಆಂಟಿಮನಿಗಳನ್ನೇ ವಿಧಿವಿಜ್ಞಾನದವರು ಆರೋಪಿಯ ಅಂಗೈಯಲ್ಲಿ ಹುಡುಕುವುದು. ಮದ್ದು ಬೆಂಕಿ ತಾಗಿದರೆ ಉರಿಯುವ ವಸ್ತು. ಪ್ರೈಮರ್‌ನದು ಹಾಗಲ್ಲ, ಅದು ಬಡಿತಕ್ಕೆ, ಉಜ್ಜಾಟಕ್ಕೆ, ಕೆಲವೊಮ್ಮೆ ಬಟ್ಟೆಯ ಸ್ಥಿರವಿದ್ಯುತ್ತಿನ ಕಿಡಿಗೂ ಸಿಡಿಯುವ ಜಾತಿ. ಸಿಡಿಯುವುದೇ ಅದರ ಕೆಲಸ. ಅದಕ್ಕೇ ಕಾರ್ಖಾನೆಯಲ್ಲಿ ಅದನ್ನು ಒದ್ದೆಯಾಗಿಯೇ ನಿಭಾಯಿಸುತ್ತಾರೆ, ತಡೆಗೋಡೆಗಳ ಹಿಂದೆ ನಿಂತು, ಒಂದು ಕೊಠಡಿಯಲ್ಲಿ ಅತಿ ಕಡಿಮೆ ಪ್ರಮಾಣ ಇಟ್ಟುಕೊಂಡು. ಇಷ್ಟೆಲ್ಲ ಏರ್ಪಾಡಿದ್ದರೂ ಈ ಉದ್ಯಮದ ಇತಿಹಾಸದಲ್ಲಿ ಅಪಘಾತಗಳಿವೆ.

ಹವ್ಯಾಸಿಗಳ ತಲೆಯಲ್ಲಿ ಓಡಿದ ಉಪಾಯಗಳು ಹೆಚ್ಚಾಗಿ ಎರಡು ಬಗೆಯವು. ಬೆಂಕಿಕಡ್ಡಿಯ ತಲೆ ಅಥವಾ ಮಕ್ಕಳ ಪಿಸ್ತೂಲಿನ ಕೇಪಿನಂಥ ಸಿದ್ಧವಸ್ತುವನ್ನು ಹಳೆ ಬಟ್ಟಲಿಗೆ ತುಂಬುವುದು ಒಂದು. ರಾಸಾಯನಿಕ ತರಿಸಿ ತಾವೇ ಬೆರೆಸುವುದು ಇನ್ನೊಂದು. ಇವುಗಳ ವಿಧಾನಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಏಕೆ ಕೆಡುತ್ತವೆ ಎಂಬುದಷ್ಟೇ ನನ್ನ ಆಸಕ್ತಿ.

ಮೊದಲನೆಯದಾಗಿ, ಬಟ್ಟಲೇ ಕೆಟ್ಟಿರುತ್ತದೆ. ಅದು ಒಮ್ಮೆ ಬಡಿಸಿಕೊಂಡಿದೆ, ಹತ್ತಾರು ಸಾವಿರ ಪಿಎಸ್‌ಐ ಒತ್ತಡಕ್ಕೆ ಚಪ್ಪಟೆಯಾಗಿದೆ, ತಗ್ಗಿದ ಜಾಗದಲ್ಲಿ ಲೋಹ ಗಡುಸಾಗಿದೆ. ಇನ್ನೊಮ್ಮೆ ಬಗ್ಗಿಸಿ ಬಡಿದರೆ ಅಲ್ಲೇ ತೂತಾಗಬಹುದು. ತೂತಾದರೆ ಅನಿಲ ಕೋವಿಯ ಹಿಂಬದಿ ಮುಚ್ಚುವ ಬೋಲ್ಟಿನ ಮೂಲಕ ಹಿಂದಕ್ಕೆ ಬರುತ್ತದೆ, ಹಿಂದೆ ಇರುವುದು ಹೊಡೆಯುವವನ ಮುಖ. ಗುಳಿಯೊಳಗೆ ಬಿಗಿಯಾಗಿ ಕೂರಬೇಕಾದ ಅಳತೆಯೂ ತಪ್ಪಿರುತ್ತದೆ.

ಇನ್ನು ಬೆಂಕಿಕಡ್ಡಿಯ ರಸಾಯನ. ಅದರಲ್ಲಿರುವುದು ಹಳೆ ಪ್ರೈಮರ್‌ಗಳದ್ದೇ ಜಾತಿಯ ಕ್ಲೋರೇಟ್. ಹೊಡೆದ ದಿನವೇ ನಳಿಗೆಗೆ ನೀರು ಹಾಕಿ ತೊಳೆಯದಿದ್ದರೆ ತುಕ್ಕು ಖಾತ್ರಿ. ಲೆಡ್ ಸ್ಟಿಫ್ನೇಟ್ ಬಂದಾಗ ಸೈನಿಕರು ಯಾವ ಕಾಟದಿಂದ ಪಾರಾದರೋ ಅದನ್ನೇ ಸಾವಿರ ಡಾಲರಿನ ಪಿಸ್ತೂಲಿಗೆ ಕೈಯಾರೆ ತಂದುಕೊಂಡಂತೆ.

ಇವೆರಡೂ ಸಣ್ಣ ಮಾತು. ದೊಡ್ಡದು ಏಕರೂಪತೆ. ಕಾರ್ಖಾನೆಯ ಪ್ರೈಮರ್ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಬೆಂಕಿ ಕೊಡುತ್ತದೆ. ರೀಲೋಡಿಂಗ್ ಕೈಪಿಡಿಗಳಲ್ಲಿರುವ ಮದ್ದಿನ ಅಳತೆಗಳೆಲ್ಲ ಆ ಭರವಸೆಯ ಮೇಲೆ ನಿಂತಿವೆ. ಕೈಯಲ್ಲಿ ತುಂಬಿದ್ದು ಒಂದು ಸಲ ಜೋರಾಗಿ, ಒಂದು ಸಲ ಮಂದವಾಗಿ, ಒಂದು ಸಲ ತಡವಾಗಿ ಹೊತ್ತುತ್ತದೆ. ಜೋರಾದದ್ದಕ್ಕಿಂತ ನನಗೆ ಮಂದವಾದದ್ದೇ ಹೆಚ್ಚು ಭಯ. ಬೆಂಕಿ ಸಾಲದಿದ್ದರೆ ಮದ್ದು ಪೂರ್ತಿ ಉರಿಯದೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ರೇಂಜಿನಲ್ಲಿ ಇದಕ್ಕೆ ಸ್ಕ್ವಿಬ್ ಎನ್ನುತ್ತಾರೆ. 'ಟಪ್' ಎಂದು ಸಣ್ಣ ಸದ್ದು ಬಂದು ಏನೂ ಆಗಲಿಲ್ಲವಲ್ಲ ಎಂದುಕೊಂಡು ಮತ್ತೆ ಟ್ರಿಗರ್ ಎಳೆದರೆ ಎರಡನೇ ಗುಂಡು ಮೊದಲನೆಯದಕ್ಕೆ ಗುದ್ದುತ್ತದೆ, ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಹೊಡೆತ ತಡವಾದರೆ ಕೋವಿಯನ್ನು ಗುರಿಯ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕೆಂದು ಹೊಸಬರಿಗೆ ಹೇಳಿಕೊಡುವುದು ಕೆಟ್ಟ ಪ್ರೈಮರ್ ಅಪರೂಪಕ್ಕೆ ಬರುತ್ತದೆಂಬ ಲೆಕ್ಕದಲ್ಲಿ. ಪೆಟ್ಟಿಗೆ ತುಂಬ ಅನುಮಾನದ ತೋಟಾ ಇಟ್ಟುಕೊಂಡವನು ಎಷ್ಟು ಸಲ ಕಾಯುತ್ತಾನೆ?

ಕೇಸಿನ ಬಗ್ಗೆ ಹೇಳಿದ್ದನ್ನು ಇಲ್ಲಿ ಎದುರು ಇಟ್ಟು ನೋಡಿ. ಪ್ರೈಮರ್ ಒಳ್ಳೆಯದೋ ಕೆಟ್ಟದೋ ಎಂದು ಪರೀಕ್ಷಿಸಲು ಇರುವ ದಾರಿ ಅದನ್ನು ಸಿಡಿಸುವುದೊಂದೇ. ಸಿಡಿಸಿದ ಮೇಲೆ ಅದು ಇಲ್ಲ.

ಲೆಕ್ಕ

ಸುರಕ್ಷತೆಯ ಮಾತನ್ನು ಪಕ್ಕಕ್ಕಿಟ್ಟು ಬರೀ ದುಡ್ಡಿನ ಲೆಕ್ಕ ಹಾಕೋಣ, ಏಕೆಂದರೆ ಈ ಯೋಚನೆ ಹುಟ್ಟಿದ್ದೇ ದುಡ್ಡಿನಿಂದ. ತಿಂಗಳಿಗೆ 200 ಹೊಡೆಯುವ ಸಾಧಾರಣ ಹವ್ಯಾಸಿಯನ್ನು ಊಹಿಸಿಕೊಳ್ಳಿ. ವರ್ಷಕ್ಕೆ 2,400 ಪ್ರೈಮರ್. ಹಳೆ ದರದಲ್ಲಿ, ಸಾವಿರಕ್ಕೆ 35 ಡಾಲರಿನಂತೆ, 84 ಡಾಲರ್. ಕೊರತೆಯ ದರದಲ್ಲಿ, ಸಾವಿರಕ್ಕೆ 100ರಂತೆ, 240 ಡಾಲರ್. ಹೆಚ್ಚುವರಿ ಹೊರೆ ವರ್ಷಕ್ಕೆ 156 ಡಾಲರ್, ತಿಂಗಳಿಗೆ 13.

ಹಳೆ ಪ್ರೈಮರ್ ಒಂದೊಂದನ್ನೂ ತುಂಬಲು ಒಂದೇ ನಿಮಿಷ ಸಾಕು ಎಂದು ಉದಾರವಾಗಿ ಒಪ್ಪಿಕೊಂಡರೂ 2,400 ನಿಮಿಷ, ಅಂದರೆ 40 ಗಂಟೆ. ಸಾಮಗ್ರಿಗೆ ಕಾಸೂ ಖರ್ಚಾಗದೆ 240 ಡಾಲರ್ ಪೂರ್ತಿ ಉಳಿಯಿತು ಎಂದರೂ ಗಂಟೆಗೆ 6 ಡಾಲರ್ ದುಡಿದಂತಾಯಿತು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯೇ ಗಂಟೆಗೆ 7.25 ಡಾಲರ್. ಕನಿಷ್ಠ ಕೂಲಿಗಿಂತ ಕಡಿಮೆಗೆ, ಅದೂ ಕೈಯಲ್ಲಿ ಸ್ಫೋಟಕ ಹಿಡಿದು ಮಾಡುವ ಕೆಲಸ.

ಹೀಗಿದ್ದರೂ ಯೋಚನೆ ಏಕೆ ಬಂತು? ಬೆಲೆ ಏರಿದ್ದರೆ ಜನ ಗೊಣಗಿ ಕೊಳ್ಳುತ್ತಿದ್ದರು. ಕಪಾಟು ಬರಿದಾಗಿತ್ತು. 240 ಡಾಲರ್ ಕೈಯಲ್ಲಿದ್ದರೂ ಕೊಡುವುದು ಯಾರಿಗೆ? 'ಇಲ್ಲ' ಎಂಬುದು ಮನುಷ್ಯನ ಲೆಕ್ಕದ ಬುದ್ಧಿಯನ್ನು ಬಲು ಬೇಗ ಕೆಡಿಸುತ್ತದೆ. ಇನ್ನೊಂದು ಕಾರಣ ಈ ಹವ್ಯಾಸದ ಸ್ವಭಾವದಲ್ಲೇ ಇದೆ ಎಂದು ನನಗನ್ನಿಸುತ್ತದೆ. ರೀಲೋಡರ್ ಎಂದರೆ ಅಂಗಡಿಯ ಹಂಗಿಲ್ಲದವನು, ಉಳಿದವರು ಎಸೆದದ್ದನ್ನು ಹೆಕ್ಕಿ ಹೊಸದು ಮಾಡುವವನು. ವರ್ಷಗಟ್ಟಲೆ ಆ ಹೆಮ್ಮೆಯಲ್ಲಿ ಬದುಕಿದವನಿಗೆ, ತನ್ನ ಸ್ವಾವಲಂಬನೆಯೆಲ್ಲ ನಾಲ್ಕು ಕಾರ್ಖಾನೆಗಳ ಮೇಲೆ ನಿಂತಿತ್ತು ಎಂಬುದು ಸುಲಭಕ್ಕೆ ಜೀರ್ಣವಾಗುವ ಸತ್ಯವಲ್ಲ.

2009ರ ಹಿತ್ತಾಳೆ ಜಗಳ

ಇದಕ್ಕೂ ಹಿಂದಿನ ಒಂದು ಕೊರತೆಯನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಅಲ್ಲಿ ಮರುಬಳಕೆಯ ವಾದ ನ್ಯಾಯವಾಗಿಯೇ ಗೆದ್ದಿತು. ಒಬಾಮಾ ಆಯ್ಕೆಯಾದ ಮೇಲೆ 2008–09ರಲ್ಲಿ ತೋಟಾಕ್ಕೆ ಬೇಡಿಕೆ ನುಗ್ಗಿತ್ತು. ಆ ಹೊತ್ತಿಗೇ, 2009ರ ಮಾರ್ಚಿನಲ್ಲಿ, ಸೈನ್ಯದ ರೇಂಜುಗಳಿಂದ ಬರುವ ಹೊಡೆದ ಹಿತ್ತಾಳೆಯನ್ನು ಚೂರು ಮಾಡಿಯೇ ಮಾರಬೇಕೆಂದು ರಕ್ಷಣಾ ಇಲಾಖೆಯ ಕಡೆಯಿಂದ ಸೂಚನೆ ಬಂತು. ಅಲ್ಲಿಯವರೆಗೆ ಆ ಕೇಸುಗಳನ್ನು ಇಡಿಯಾಗಿ ಕೊಂಡು ಮರುತುಂಬಿ ಮಾರುವ ಕಂಪನಿಗಳಿದ್ದವು, ಪೊಲೀಸರ ಅಭ್ಯಾಸದ ತೋಟಾವೂ ಅಲ್ಲಿಂದ ಹೋಗುತ್ತಿತ್ತು. ಚೂರು ಮಾಡಿದರೆ ಅದು ಬರೀ ಗುಜರಿ, ಬೆಲೆಯೂ ಗುಜರಿಯದೇ. ಮೊಂಟಾನಾದ ಸೆನೆಟರುಗಳಾದ ಮ್ಯಾಕ್ಸ್ ಬಾಕಸ್ ಮತ್ತು ಜಾನ್ ಟೆಸ್ಟರ್ ಪತ್ರ ಬರೆದರು. ಸೂಚನೆ ಅದೇ ತಿಂಗಳು ಹಿಂದಕ್ಕೆ ಹೋಯಿತು.

ಆ ಜಗಳದಲ್ಲಿ ಹವ್ಯಾಸಿಗಳ ಮಾತು ಸರಿಯಾಗಿತ್ತು: ಚೆನ್ನಾಗಿರುವ ಕೇಸನ್ನು ಪುಡಿ ಮಾಡುವುದು ದಂಡ. 2021ರಲ್ಲಿ ಅದೇ ಗೆದ್ದ ವಾದವನ್ನು ಪ್ರೈಮರ್‌ಗೂ ಎಳೆದು ತಂದವರಿದ್ದರು. ಎರಡೂ ಹೊಡೆದ ತೋಟಾದ ಭಾಗಗಳೇ ಆದರೂ ಒಂದು ಲೋಹ, ಇನ್ನೊಂದು ಬರಿದಾದ ಸ್ಫೋಟಕದ ಪೊಟ್ಟಣ.

ಸೀಸದ ಮಾತು ಬೇರೆ. ರೇಂಜಿನ ದಿಬ್ಬದಿಂದ ಗುಂಡಿನ ಸೀಸ ಅಗೆದು ಎರಕ ಹೊಯ್ಯುವುದು ಹಳೆಯ ರೂಢಿ, ಕೊರತೆಯಲ್ಲಿ ಅದು ಹೆಚ್ಚಿತು. ಮೊದಲು ಟೈರ್ ಅಂಗಡಿಗಳ ಚಕ್ರದ ತೂಕಗಳಿಂದಲೂ ಸೀಸ ಸಿಗುತ್ತಿತ್ತು, ಈಗ ಅವುಗಳಲ್ಲಿ ಬಹಳಷ್ಟು ಸತು, ಉಕ್ಕು. ಎರಕದ ಪಾತ್ರೆಗೆ ಒಂದು ಹನಿ ನೀರು ಬಿದ್ದರೆ ಕರಗಿದ ಸೀಸ ಮುಖಕ್ಕೆ ಚಿಮ್ಮುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಧೂಳಿನ ವಿಷಯ. ಹಿತ್ತಾಳೆಯನ್ನು ಒಣ ಹೊಟ್ಟಿನಲ್ಲಿ ಹಾಕಿ ತಿರುಗಿಸಿ ಹೊಳಪು ಕೊಡುವ ಟಂಬ್ಲರಿನಿಂದ ಏಳುವ ಧೂಳಿನಲ್ಲಿ ಹಳೆ ಪ್ರೈಮರ್‌ಗಳ ಸೀಸವಿರುತ್ತದೆ. ಮಕ್ಕಳಿರುವ ಮನೆಯ ಅಡುಗೆಕೋಣೆಯಲ್ಲಿ ಆ ಯಂತ್ರ ಇಡುವವರನ್ನು ಕಂಡರೆ ನನಗೆ ಪ್ರೈಮರ್ ತುಂಬುವವರಷ್ಟೇ ಆತಂಕ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ.

ಹೆಚ್ಚಿನವರು ಮಾಡಿದ್ದೇನು

ಬಹುತೇಕರು ಪ್ರೈಮರ್ ತುಂಬುವ ಯೋಚನೆಯನ್ನು ಯೋಚನೆಯಾಗಿಯೇ ಬಿಟ್ಟರು. ಹೊಡೆಯುವುದನ್ನು ಕಡಿಮೆ ಮಾಡಿದರು. ಖಾಲಿ ಪಿಸ್ತೂಲಿನಲ್ಲಿ ಗೋಡೆಯ ಚುಕ್ಕೆಗೆ ಗುರಿಯಿಟ್ಟು ಟ್ರಿಗರ್ ಎಳೆಯುವ ಅಭ್ಯಾಸ, ಅಂದರೆ ಡ್ರೈ ಫೈರ್, ಮತ್ತೆ ಮೇಲೆ ಬಂತು. ಸ್ಪರ್ಧೆಯ ಅನುಭವಿಗಳನ್ನು ಕೇಳಿದರೆ ಕೈ ಪಳಗುವುದು ಅಲ್ಲೇ ಹೆಚ್ಚು ಎನ್ನುತ್ತಾರೆ, ಖರ್ಚು ಸೊನ್ನೆ. ಏರ್ ರೈಫಲ್ ಧೂಳು ಕೊಡವಿಕೊಂಡು ಎದ್ದಿತು. ತೀರಿಹೋದ ಹಿರಿಯರ ಗ್ಯಾರೇಜು ಖಾಲಿ ಮಾಡುವ ಮಾರಾಟಗಳಲ್ಲಿ ದಶಕಗಳ ಹಿಂದಿನ ಪ್ರೈಮರ್ ಪೆಟ್ಟಿಗೆಗಳು ಸಿಕ್ಕವು. ಒಣ ಜಾಗದಲ್ಲಿಟ್ಟ ಪ್ರೈಮರ್ ಅಷ್ಟು ಕಾಲ ಕೆಡದೆ ಇರುತ್ತದೆ, ಹೊಡೆದವು.

ಅಳತೆಯ ಚೌಕಾಸಿಯೂ ನಡೆಯಿತು. ಪ್ರೈಮರ್‌ಗಳಲ್ಲಿ ಪಿಸ್ತೂಲಿನದು, ರೈಫಲಿನದು, ಪ್ರತಿಯೊಂದರಲ್ಲೂ ಸಣ್ಣದು, ದೊಡ್ಡದು ಎಂದು ಮುಖ್ಯವಾಗಿ ನಾಲ್ಕು ಬಗೆ. .45 ಎಸಿಪಿ ಕೇಸುಗಳಲ್ಲಿ ಕೆಲವು ದೊಡ್ಡ ಪ್ರೈಮರಿನವು, ಕೆಲವು ಸಣ್ಣವು. ಮೊದಲು ಸಣ್ಣದರ ಕೇಸು ಕಲಬೆರಕೆಯಾಗಿ ಸಿಕ್ಕರೆ ಬೈದುಕೊಂಡು ಎಸೆಯುತ್ತಿದ್ದವರು ಈಗ ಅದನ್ನೇ ಹುಡುಕಿದರು, ಏಕೆಂದರೆ ಅವರ ಕೈಯಲ್ಲಿ ಉಳಿದದ್ದು ಸಣ್ಣ ಪ್ರೈಮರ್. ಪಿಸ್ತೂಲಿನ ಪ್ರೈಮರ್ ಬದಲಿಗೆ ರೈಫಲಿನ ಸಣ್ಣ ಪ್ರೈಮರ್ ಹಾಕಿದವರೂ ಇದ್ದಾರೆ. ಅದರ ಬಟ್ಟಲು ಗಟ್ಟಿ, ಕೆಲವು ಪಿಸ್ತೂಲುಗಳ ಕುದುರೆಗೆ ಅದು ಸಿಡಿಯುವುದಿಲ್ಲ. ಬೆಂಕಿಯೂ ಬೇರೆ, ಹಾಗಾಗಿ ಮದ್ದನ್ನು ಕೈಪಿಡಿಯ ಕನಿಷ್ಠ ಅಳತೆಯಿಂದಲೇ ಶುರುಮಾಡಬೇಕು. ಇದು ಕೂಡ ಜಾಗ್ರತೆ ಬೇಡುವ ಕೆಲಸವೇ. ಆದರೆ ಇಲ್ಲಿ ಬಳಸುವುದು ಕಾರ್ಖಾನೆಯಲ್ಲಿ ಆದ, ಒಂದಕ್ಕೊಂದು ಹೊಂದುವ ಪ್ರೈಮರನ್ನೇ.

ಇನ್ನು ಕಾನೂನಿನ ವಿಷಯ, ಓದುಗರಲ್ಲಿ ಅಲ್ಲಿರುವ ಕನ್ನಡಿಗರೂ ಇರುವುದರಿಂದ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ಮರುತುಂಬಲು ಕೇಂದ್ರ ಸರ್ಕಾರದ ಪರವಾನಗಿ ಬೇಡ, ಮಾರುವ ವ್ಯಾಪಾರ ಮಾಡಿದರೆ ಬೇಕು. ಆದರೆ ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ಕಾನೂನಿನ ವ್ಯಾಖ್ಯೆಯಲ್ಲಿ ಕೇಸು, ಪ್ರೈಮರ್, ಗುಂಡು, ಮದ್ದು ಇವೆಲ್ಲ ಬಿಡಿಬಿಡಿಯಾಗಿಯೂ 'ಮದ್ದುಗುಂಡು'ಗಳೇ. ಗೆಳೆಯನ ಜೊತೆ ರೇಂಜಿಗೆ ಹೋಗಿ ನೆನಪಿಗೆಂದು ಕೇಸುಗಳನ್ನು ಜೇಬಿಗೆ ಹಾಕಿಕೊಂಡು ಬರುವ ಮೊದಲು ಇದು ಗೊತ್ತಿರಲಿ. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ, 2029ರವರೆಗೆ ಮುಂದುವರಿದಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಸಂಬಂಧಿಸಿದ್ದು. ಮನೆಯಲ್ಲಿ ತೋಟಾ ತಯಾರಿಸಲು ಅದು ರಹದಾರಿಯಲ್ಲ.

ಆಮೇಲೆ

2022ರ ನಂತರ ಪ್ರೈಮರ್ ನಿಧಾನವಾಗಿ ಕಪಾಟಿಗೆ ಮರಳಿತು. ವಿದೇಶಿ ಪ್ರೈಮರ್‌ಗಳು ಅಮೆರಿಕದ ಅಂಗಡಿಗಳಲ್ಲಿ ಮೊದಲಿಗಿಂತ ಹೆಚ್ಚು ಕಾಣಿಸಿಕೊಂಡವು. ಇಟಲಿ ಮೂಲದ ಫಿಯೋಕಿ ಅರ್ಕಾನ್ಸಾಸ್‌ನ ಲಿಟಲ್ ರಾಕ್‌ನಲ್ಲಿ ಪ್ರೈಮರ್ ಕಾರ್ಖಾನೆ ಕಟ್ಟುವುದಾಗಿ 2022ರಲ್ಲಿ ಘೋಷಿಸಿತು. ವಿಸ್ಟಾದ ತೋಟಾ ವ್ಯವಹಾರ, ಅಂದರೆ ಫೆಡರಲ್, ಸಿಸಿಐ, ರೆಮಿಂಗ್ಟನ್ ಮೂರೂ, 2024ರಲ್ಲಿ ಜೆಕ್ ದೇಶದ ಸಿಎಸ್‌ಜಿ ಗುಂಪಿನ ಪಾಲಾಯಿತು. ಬೆಲೆ ಮಾತ್ರ ಬೇಗನೆ 35 ಡಾಲರಿಗೆ ಮರಳಲಿಲ್ಲ.

ಕೊರತೆ ತೀರಿದ ಮೇಲೆ ಹವ್ಯಾಸಿಗಳು ಕಲಿತದ್ದು ಮರುತುಂಬುವುದನ್ನಲ್ಲ, ಕೂಡಿಡುವುದನ್ನು. ಸಿಕ್ಕಾಗ ಐದು ಸಾವಿರ, ಮುಂದಿನ ಸಲ ಇನ್ನೈದು ಸಾವಿರ. ಅದಕ್ಕೂ ಒಂದು ಮಿತಿಯಿದೆ. ಅಲ್ಲಿನ ಅಗ್ನಿ ಸುರಕ್ಷತಾ ಸಂಹಿತೆ ಎನ್‌ಎಫ್‌ಪಿಎ 495 ಮನೆಯೊಂದಕ್ಕೆ 10,000 ಪ್ರೈಮರ್ ಎನ್ನುತ್ತದೆ. ಅವನ್ನು ಕಾರ್ಖಾನೆಯ ಪೆಟ್ಟಿಗೆಯಲ್ಲೇ ಇಡಬೇಕು. ಆ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗದಂತೆ ಒಂದೊಂದು ಪ್ರೈಮರ್‌ಗೂ ಬೇರೆ ಬೇರೆ ಗೂಡು ಇರುತ್ತದೆ. ಜಾಗ ಉಳಿಸಲು ಎಲ್ಲವನ್ನೂ ಒಂದು ಗಾಜಿನ ಬಾಟಲಿಗೆ ಸುರಿದಿಡುವವರು ಈಗಲೂ ಇದ್ದಾರೆ. ಹಾಗೆ ಸುರಿದರೆ ಒಂದು ಸಿಡಿದಾಗ ಉಳಿದವೂ ಒಟ್ಟಿಗೆ ಸಿಡಿಯುತ್ತವೆ, ಗಾಜು ಚೂರಾಗಿ ಹಾರುತ್ತದೆ.